ಬೆಟ್ಟದ ಆಕಾಶಕ್ಕೆಂದು ಕೊಂಡ ಪೋಲರೈಸರ್, ಊರಿನ ಗಾಜಿಗೆ ಒದಗಿತು

ಕ್ಯಾಮೆರಾ ಲೆನ್ಸಿಗೆ ಹಾಕುವ ಈ ಫಿಲ್ಟರ್ ಬಗ್ಗೆ ಲಡಾಖ್‌ನಿಂದ ಬಂದ ವಾರದಲ್ಲಿ ಬರೆದಿದ್ದರೆ ಎರಡು ಸ್ಟಾರ್ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಉಜ್ಬೇಕಿಸ್ತಾನದ ಸಮರ್‌ಖಂಡ್‌ನಿಂದ ಬಂದ ಮೇಲೆ ಬರೆದಿದ್ದರೆ ಐದು. ಈಗ ಅಂಚಿನ ಕಪ್ಪು ಬಣ್ಣ ಸವೆದು ಒಳಗಿನ ಲೋಹ ಕಾಣುವಷ್ಟು ಬಳಸಿದ್ದೇನೆ. ಸಿಟ್ಟೂ ಇಳಿದಿದೆ, ಹುರುಪೂ ಇಳಿದಿದೆ. ನಾಲ್ಕು ಕೊಡುತ್ತೇನೆ, ಯಾಕೆ ಅಂತ ಹೇಳುತ್ತೇನೆ.

ವಸ್ತು ಯಾವುದೆಂದರೆ, 77 ಎಂಎಂ ಸರ್ಕ್ಯುಲರ್ ಪೋಲರೈಸರ್, ಅಂದರೆ ಲೆನ್ಸಿನ ಮುಂದೆ ತಿರುಗಿಸಿ ಹೊಳಪು, ಪ್ರತಿಬಿಂಬ ಕಳೆಯುವ ಫಿಲ್ಟರ್. ಎಷ್ಟು ಪದರ ಕೋಟಿಂಗ್, ಅಂಚು ಎಷ್ಟು ತೆಳು ಅನ್ನುವುದನ್ನೆಲ್ಲ ನೀವು ಆಗಲೇ ನೋಡಿರುತ್ತೀರಿ, ಬಿಟ್ಟುಬಿಡೋಣ. ಕಂಪನಿ ಹೆಸರೂ ಬೇಡ. ಈ ದರ್ಜೆಯವೆಲ್ಲ ಹೆಚ್ಚುಕಮ್ಮಿ ಹೀಗೇ ಇರುತ್ತವೆ. ತೀರಾ ಅಗ್ಗದ್ದಲ್ಲ, ತಲೆ ತಿರುಗುವ ಬೆಲೆಯದೂ ಅಲ್ಲ. ಪ್ರಯಾಣಕ್ಕೇ ದುಡ್ಡು ಸಾಲದಿರುವಾಗ ಗಾಜಿನ ಬಿಲ್ಲೆಯೊಂದಕ್ಕೆ ಸುರಿಯುವ ಜಾಯಮಾನ ನನ್ನದಲ್ಲ. ಅದಕ್ಕೇ ದೊಡ್ಡ ಅಳತೆಯದೊಂದನ್ನೇ ಕೊಂಡು, ಚಿಕ್ಕ ಲೆನ್ಸುಗಳಿಗೆ ಅಳತೆ ಹೊಂದಿಸುವ ಸ್ಟೆಪ್-ಅಪ್ ರಿಂಗ್ ಹಾಕಿಕೊಂಡೆ. ಉಳಿತಾಯವೇನೋ ಆಯಿತು. ಆದರೆ ರಿಂಗ್ ಹಾಕಿದ ಲೆನ್ಸಿಗೆ ಹುಡ್ ಕೂರುವುದಿಲ್ಲ. ಬಿಸಿಲು ಪಕ್ಕದಿಂದ ಬಂದರೆ ಟೋಪಿಯನ್ನೋ ಅಂಗೈಯನ್ನೋ ಅಡ್ಡ ಹಿಡಿಯಬೇಕು. ಅದು ಅಭ್ಯಾಸವಾಗಿಹೋಗಿದೆ, ದೂರು ಅನ್ನಲಾರೆ.

ದೂರು ಇರುವುದು ಆಕಾಶದ್ದು.

ಪೋಲರೈಸರ್ ಅಂದ ಕೂಡಲೇ ಎಲ್ಲರೂ ತೋರಿಸುವುದು ಕಡುನೀಲಿ ಆಕಾಶ, ಅದರ ಮುಂದೆ ಹತ್ತಿಯಂಥ ಮೋಡ. ಬೆಟ್ಟಕ್ಕೆ ಹೋಗುವವರು ಇದನ್ನು ಕೊಳ್ಳುವುದೂ ಅದಕ್ಕೇ. ಆದರೆ ಲೇಹ್ ದಾಟಿ ಮೇಲೆ ಹೋದ ಮೇಲೆ ಆಕಾಶಕ್ಕೆ ಇದರ ಸಹಾಯ ಬೇಕಿಲ್ಲ. ಪ್ಯಾಂಗಾಂಗ್ ಸರೋವರ ಇರುವುದು 4,200 ಮೀಟರಿಗೂ ಎತ್ತರದಲ್ಲಿ. ಅಷ್ಟು ಹೊತ್ತಿಗೆ ಗಾಳಿಯಲ್ಲಿ ಐದರಲ್ಲಿ ಎರಡು ಪಾಲು ನಮ್ಮ ಕಾಲ ಕೆಳಗೇ ಉಳಿದಿರುತ್ತದೆ. ಬೆಳಕನ್ನು ಚದುರಿಸುವ ಗಾಳಿ ಕಡಿಮೆ, ದೂಳೂ ಕಡಿಮೆ. ಆಕಾಶ ತಾನಾಗಿಯೇ ಕಡುನೀಲಿ. ಅದರ ಮೇಲೆ ಪೋಲರೈಸರ್ ತಿರುಗಿಸಿದರೆ ನೀಲಿ ಹೋಗಿ ಕಪ್ಪು ಬರುತ್ತದೆ. ನಡುಮಧ್ಯಾಹ್ನದ ಫೋಟೊ ಬೆಳದಿಂಗಳಲ್ಲಿ ತೆಗೆದ ಹಾಗೆ ಕಾಣುತ್ತದೆ. ಹಿಮಾಚಲದ ಸ್ಪಿತಿಯಲ್ಲಿರುವ ಬೌದ್ಧ ಮಠ ಕೀ ಗೊಂಪಾದ ಬಿಳಿ ಗೋಡೆಗಳನ್ನು ಹೀಗೆ ತೆಗೆದು ನೋಡಿ. ಗೊಂಪಾ ಕಾಗದದಲ್ಲಿ ಕತ್ತರಿಸಿ ಅಂಟಿಸಿದಂತೆ ಇರುತ್ತದೆ.

ಇನ್ನು ವೈಡ್ ಆಂಗಲ್ ಲೆನ್ಸಿನ ಗತಿ. ಆಕಾಶದಲ್ಲಿ ಈ ಫಿಲ್ಟರ್ ಎಲ್ಲ ಕಡೆ ಒಂದೇ ಥರ ಕೆಲಸ ಮಾಡುವುದಿಲ್ಲ. ಸೂರ್ಯನಿಗೆ 90 ಡಿಗ್ರಿ ಪಕ್ಕದಲ್ಲಿ ಪೂರ್ತಿ ಕೆಲಸ, ಸೂರ್ಯನ ಕಡೆಗೆ ಮತ್ತು ಅದರ ಎದುರು ದಿಕ್ಕಿಗೆ ಏನೂ ಇಲ್ಲ. ತೋರುಬೆರಳನ್ನು ಸೂರ್ಯನಿಗೆ ಗುರಿಯಿಟ್ಟು, ಹೆಬ್ಬೆರಳನ್ನು ನೆಟ್ಟಗೆ ಅಗಲಿಸಿ ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ತೋರಿಸುತ್ತಾ ಹೋಗುವ ಪಟ್ಟಿಯೇ ಹೆಚ್ಚು ಕಪ್ಪಾಗುವ ಜಾಗ. 16 ಎಂಎಂ ಲೆನ್ಸ್ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅಡ್ಡಕ್ಕೆ 90 ಡಿಗ್ರಿಗಿಂತಲೂ ಅಗಲ ನೋಡುತ್ತದೆ. ಅಂದರೆ ಒಂದೇ ಚಿತ್ರದೊಳಗೆ ತೀರಾ ಕಪ್ಪು ಜಾಗವೂ ಬರುತ್ತದೆ, ಫಿಲ್ಟರ್ ಮುಟ್ಟದ ತಿಳಿ ಜಾಗವೂ ಬರುತ್ತದೆ. ಎಡಕ್ಕೆ ತಿಳಿನೀಲಿ, ನಡುವೆ ಮಸಿ, ಬಲಕ್ಕೆ ಮತ್ತೆ ತಿಳಿನೀಲಿ. ಎಡಿಟಿಂಗ್‌ನಲ್ಲಿ ಇದನ್ನು ಸರಿ ಮಾಡುವುದು ತಲೆನೋವು. ಪನೋರಮಾಗೆಂದು ಫೋಟೊಗಳನ್ನು ಜೋಡಿಸಿದರಂತೂ ಕೇಳಲೇಬೇಡಿ. ಬೆಟ್ಟದಲ್ಲಿ ನಾವು ಜಾಸ್ತಿ ಬಳಸುವುದು ವೈಡ್ ಲೆನ್ಸನ್ನೇ ಅಲ್ವಾ? ಯಾವುದಕ್ಕೆಂದು ಕೊಂಡೆನೋ ಅಲ್ಲೇ ಇದು ಕೈಕೊಟ್ಟಿತು. ಈಗ 35 ಎಂಎಂಗಿಂತ ಅಗಲದ ಲೆನ್ಸಿನಲ್ಲಿ ಆಕಾಶ ಇದ್ದರೆ ಫಿಲ್ಟರನ್ನು ಚೀಲದಿಂದ ತೆಗೆಯುವುದೇ ಇಲ್ಲ.

ಎರಡನೆಯ ಕಾಟ ರಿಂಗ್. ಪೋಲರೈಸರಿಗೆ ಎರಡು ರಿಂಗುಗಳಿರುತ್ತವೆ. ಹಿಂದಿನದು ಲೆನ್ಸಿಗೆ ತಿರುಪಿ ಕೂರುತ್ತದೆ, ಮುಂದಿನದು ಸುಮ್ನೆ ತಿರುಗುತ್ತಿರಬೇಕು. ನನ್ನದು ಅಲ್ಯೂಮಿನಿಯಂ. ಲೆನ್ಸಿನ ತಿರುಪೂ ಅಲ್ಯೂಮಿನಿಯಂ. ಇವೆರಡು ಒಂದನ್ನೊಂದು ಕಚ್ಚಿಕೊಂಡರೆ ಬಿಡುವುದಿಲ್ಲ. ಬೆಳಗಿನ ಚಳಿಯಲ್ಲಿ, ಕೈಗವಸು ಹಾಕಿಕೊಂಡು ಬಿಗಿಯಾಗಿ ತಿರುಗಿಸಿದರೆ ಸಂಜೆಯವರೆಗೂ ಅದು ಅಲ್ಲೇ. ಜೊತೆಗೆ ಸ್ಪಿತಿ ರಸ್ತೆಯ ದೂಳು ಹಿಟ್ಟಿನಷ್ಟು ನಯ. ಅದು ಮುಂದಿನ ರಿಂಗಿನ ಸಂದಿಗೆ ಹೋಗಿ ಕೂತರೆ ತಿರುಗಿಸುವಾಗ ಕರಕರ ಸದ್ದು. ಕಡೆಗೆ ಮುಂದಿನದು ತಿರುಗುವ ಬದಲು ಇಡೀ ಫಿಲ್ಟರೇ ಲೆನ್ಸಿನಿಂದ ಬಿಚ್ಚಿಕೊಳ್ಳತೊಡಗುತ್ತದೆ. ಅದಕ್ಕೇ ನಾನು ಯಾವಾಗಲೂ ಬಿಗಿಯಾಗುವ ದಿಕ್ಕಿಗೇ ತಿರುಗಿಸುತ್ತೇನೆ. ಬೇಕಾದ ಜಾಗ ದಾಟಿಹೋದರೆ ಹಿಂದಕ್ಕೆ ಬರುವುದಿಲ್ಲ, ಮತ್ತೊಂದು ಅರ್ಧ ಸುತ್ತು ಮುಂದಕ್ಕೇ ಹೋಗುತ್ತೇನೆ. ಹೇಗೂ 180 ಡಿಗ್ರಿಗೆ ಅದೇ ಪರಿಣಾಮ ಮತ್ತೆ ಬರುತ್ತದೆ.

ಕಚ್ಚಿಕೊಂಡ ಫಿಲ್ಟರನ್ನು ಬಿಡಿಸುವುದು ಈಗ ನನ್ನ ಸಂಜೆಯ ಪೂಜೆ ಇದ್ದ ಹಾಗೆ. ಕೋಣೆಗೆ ಬಂದು ಕ್ಯಾಮೆರಾವನ್ನು ಚೀಲದಲ್ಲೇ ಬಿಡಬೇಕು, ಚಳಿ ಬಿಡುವವರೆಗೆ ಹೊರಗೆ ತೆಗೆಯಬಾರದು. ಬೇಗ ತೆಗೆದರೆ ಗಾಜಿನ ಮೇಲೆ ತೇವ ಕೂರುತ್ತದೆ. ಆಮೇಲೆ ಅಗಲದ ರಬ್ಬರ್ ಬ್ಯಾಂಡನ್ನು ಹಿಂದಿನ ರಿಂಗಿನ ಸುತ್ತ ಹಾಕಬೇಕು. ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಚುಕಿದರೆ ದುಂಡು ರಿಂಗ್ ಮೊಟ್ಟೆಯಾಕಾರಕ್ಕೆ ಬಂದು ಇನ್ನೂ ಕಚ್ಚುತ್ತದೆ. ಐದೂ ಬೆರಳನ್ನು ಸುತ್ತ ಸಮನಾಗಿ ಇಟ್ಟು, ಹಗುರವಾಗಿ ಹಿಡಿದು ತಿರುಗಿಸಬೇಕು. ಬಲ ಹಾಕಿದಷ್ಟೂ ಬಿಡುವುದಿಲ್ಲ, ಬಲ ಬಿಟ್ಟರೆ ತಟ್ಟನೆ ಬಿಡುತ್ತದೆ. ಬಿಟ್ಟ ಮೇಲೆ ಬ್ಲೋವರಿನಿಂದ ಸಂದಿಯ ದೂಳು ಊದಿ, ಮೆತ್ತಗಿನ ಬ್ರಷ್ಷಿನಲ್ಲಿ ಒಂದು ಸುತ್ತು ಸವರಿ, ಕೊನೆಗೆ ಬಟ್ಟೆ. ಬಟ್ಟೆ ಮೊದಲೇ ಹಾಕಿದರೆ ದೂಳೇ ಗಾಜನ್ನು ಗೀರುತ್ತದೆ. ಜೊತೆಯಲ್ಲಿ ಬಂದವರು ನಗುತ್ತಾರೆ, ನಗಲಿ.

ಹಾಗಂತ ಬೆಟ್ಟದಲ್ಲಿ ಪೂರ್ತಿ ದಂಡವೇನಲ್ಲ. ಆಕಾಶ ಬಿಟ್ಟು ನೆಲ ನೋಡಲು ಶುರು ಮಾಡಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ನೇಪಾಳದ ಘೋರೆಪಾನಿ ಸುತ್ತಲಿನ ರೋಡೊಡೆಂಡ್ರನ್ ಕಾಡಿನಲ್ಲಿ ಎಲೆಗಳ ಮೇಲೆ ಮೇಣ ಹಚ್ಚಿದಂಥ ಹೊಳಪು ಇರುತ್ತದೆ. ಆಕಾಶದ ಬೆಳಕು ಅದರ ಮೇಲೆ ಬಿದ್ದು ಹಸಿರೆಲ್ಲ ಬೂದು ಬೂದಾಗಿ ಕಾಣುತ್ತದೆ. ಮೋಡ ಕವಿದ ದಿನ, ಮಳೆ ನಿಂತ ಮೇಲೆ, ಫಿಲ್ಟರನ್ನು ನಿಧಾನಕ್ಕೆ ತಿರುಗಿಸಿದರೆ ಆ ಬೂದು ಜಾರಿಹೋಗಿ ಎಲೆಯ ನಿಜವಾದ ಹಸಿರು, ತೊಗಟೆಯ ಕೆಂಪು ಕಾಣುತ್ತವೆ. ಒದ್ದೆ ಬಂಡೆಗಳಿಗೂ ಹೀಗೇ.

ನೀರಿನಲ್ಲಿ ಮಾತ್ರ ಜಾಣತನ ಬೇಕು. ಪ್ಯಾಂಗಾಂಗ್ ದಡದಲ್ಲಿ ಪೂರ್ತಿ ತಿರುಗಿಸಿದರೆ ನೀರಿನ ಮೇಲಿನ ಹೊಳಪು ಹೋಗಿ ಅಡಿಯ ಕಲ್ಲುಗಳು ಎಣಿಸುವಷ್ಟು ಸ್ಪಷ್ಟ. ಪೊಖರಾದ ಫೇವಾ ಸರೋವರದಲ್ಲಿ ಅದನ್ನೇ ಮಾಡಿದರೆ 6,993 ಮೀಟರ್ ಎತ್ತರದ ಮಾಚ್ಚಾಪುಚ್ಚ್ರೆ ಶಿಖರದ ಪ್ರತಿಬಿಂಬ ಮಸುಕಾಗಿಬಿಡುತ್ತದೆ. ನೀವು ಹೋದದ್ದೇ ಅದಕ್ಕಾಗಿ! ಕಾಮನಬಿಲ್ಲಿಗೂ ಇದೇ ಕಥೆ. ಒಂದು ಕಡೆ ತಿರುಗಿಸಿದರೆ ಬಣ್ಣ ಗಾಢವಾಗುತ್ತದೆ, ಕಾಲು ಸುತ್ತು ತಿರುಗಿಸಿದರೆ ಬಿಲ್ಲೇ ಮಾಯ.

ಆದರೆ ಇದರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಊರುಗಳಲ್ಲಿ. ಹಾಗೆ ನೋಡಿದರೆ ಫಿಲ್ಟರಿನೊಳಗಿನ ಈ ತೆಳು ಹಾಳೆಯನ್ನು ಮಾಡಿದ ಅಮೆರಿಕದ ಎಡ್ವಿನ್ ಲ್ಯಾಂಡ್ ತಲೆಯಲ್ಲೂ ನೀಲಿ ಆಕಾಶ ಇರಲಿಲ್ಲ. 1929ರಲ್ಲಿ ಆತ ಪೇಟೆಂಟಿಗೆ ಅರ್ಜಿ ಹಾಕಿದಾಗ ಮನಸ್ಸಿನಲ್ಲಿದ್ದದ್ದು ಎದುರಿನಿಂದ ಬರುವ ಕಾರಿನ ದೀಪದ ಕಣ್ಣು ಕುಕ್ಕುವ ಬೆಳಕು. ಇದು ಮೊದಲಿನಿಂದಲೂ ಹೊಳಪು ಕಳೆಯುವ ಸಾಮಾನೇ.

ಸಮರ್‌ಖಂಡ್‌ನ ರೆಗಿಸ್ತಾನ್ ಚೌಕದಲ್ಲಿ ಮೂರು ಮದರಸಾಗಳಿವೆ. 1420ಕ್ಕೆ ಮುಗಿದ ಉಲುಗ್ ಬೇಗ್ ಮದರಸಾ ಪೂರ್ವಕ್ಕೆ ಮುಖ ಮಾಡಿದೆ, ಅದಕ್ಕೆ ಬೆಳಗಿನ ಬಿಸಿಲು. ಎದುರಿಗಿರುವ ಶೇರ್-ದೋರ್‌ಗೆ ಮಧ್ಯಾಹ್ನದ ಬಿಸಿಲು. ಗೋಡೆ ತುಂಬ ಗಾಜಿನ ಮೆರುಗಿನ ಟೈಲ್ಸ್. ಬಿಸಿಲು ಬಿದ್ದರೆ ಅಲ್ಲಲ್ಲಿ ಬೆಳ್ಳಗೆ ಹೊಳೆದು ಚಿತ್ತಾರವೇ ಅಳಿಸಿಹೋಗುತ್ತದೆ. ಕ್ಯಾಮೆರಾದಲ್ಲಿ ಅದು ಬರೀ ಬಿಳಿ ಕಲೆ. ಗೋಡೆಗೆ ನೇರ ನಿಲ್ಲದೆ ಓರೆಯಾಗಿ ನಿಂತು ಫಿಲ್ಟರ್ ತಿರುಗಿಸಿದೆ. ಶೇರ್-ದೋರ್‌ನ ಕಮಾನಿನ ಮೇಲಿನ ಹುಲಿ, ಅದರ ಬೆನ್ನ ಮೇಲಿನ ಸೂರ್ಯನ ಮುಖ, ಸುತ್ತಲಿನ ಬಳ್ಳಿ, ಒಂದೊಂದೇ ಮೇಲೆದ್ದು ಬಂದವು. ನೀಲಿಯೊಳಗೇ ಎಷ್ಟು ಬಗೆಯ ನೀಲಿ! ಅಲ್ಲೇ ಪಕ್ಕದ ಮೂರನೆಯ ಮದರಸಾ ತಿಲ್ಯಾ-ಕೋರಿಯ ಒಳಗೆ ಹೋದರೆ ಮಾತ್ರ ಇದನ್ನು ಬಿಚ್ಚಿಡಿ. ಅಲ್ಲಿರುವುದು ಚಿನ್ನದ ಲೇಪ. ಲೋಹದ ಹೊಳಪು ಪೋಲರೈಸರಿಗೆ ಬಗ್ಗುವುದಿಲ್ಲ. ಮೇಲಾಗಿ ಇದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ). 1/250 ಸೆಕೆಂಡಿನಲ್ಲಿ ತೆಗೆಯಬಹುದಾದ್ದು 1/60ಕ್ಕೆ ಇಳಿಯುತ್ತದೆ. ಕತ್ತಲೆಯ ಕೋಣೆಯಲ್ಲಿ ಅದು ದುಬಾರಿ.

ಲಿಸ್ಬನ್‌ನಲ್ಲಿ ಇದು ಹಗಲಿಡೀ ಲೆನ್ಸಿನ ಮೇಲೇ ಇತ್ತು. ಅಲ್ಲಿ ಮನೆಗಳ ಮುಂಗೋಡೆಗೆ ಟೈಲ್ಸ್, ಕಾಲಡಿಗೆ ಜನ ಓಡಾಡಿ ನುಣುಪಾದ ಸುಣ್ಣಕಲ್ಲು. ಆಲ್ಫಾಮಾದ ಓಣಿಗಳಲ್ಲಿ ಮಳೆ ನಿಂತ ಮೇಲೆ ಎಷ್ಟು ಹೊಳಪು ಉಳಿಸಬೇಕು, ಎಷ್ಟು ತೆಗೆಯಬೇಕು ಅನ್ನುವುದು ಬೆರಳ ತುದಿಯಲ್ಲಿ. ಪೂರ್ತಿ ತೆಗೆದರೆ ಮಳೆಯೇ ಬಂದಿಲ್ಲವೇನೋ ಅನ್ನಿಸುತ್ತದೆ. ನಾನು ಅರ್ಧಕ್ಕೆ ನಿಲ್ಲಿಸುತ್ತೇನೆ.

ಗಾಜಿಗೂ ಒಂದು ಕೋನ ಇದೆ. ಅಂಗಡಿಯ ಗಾಜಿನ ಎದುರಿಗೇ ನಿಂತರೆ ಎಷ್ಟು ತಿರುಗಿಸಿದರೂ ನಿಮ್ಮ ಮುಖವೇ ಕಾಣುತ್ತದೆ. ಗಾಜಿನ ಮೈಯಿಂದ ಸುಮಾರು 34 ಡಿಗ್ರಿ ಓರೆಯಲ್ಲಿ ನೋಡಿದರೆ ಪ್ರತಿಬಿಂಬ ಹೆಚ್ಚುಕಡಿಮೆ ಪೂರ್ತಿ ಮಾಯವಾಗುತ್ತದೆ. ನೀರಿಗೆ ಅದು 37 ಡಿಗ್ರಿ. ಕೋನಮಾಪಕ ಯಾರೂ ಒಯ್ಯುವುದಿಲ್ಲ, ನೆಟ್ಟಗೆ ನಿಂತದ್ದಕ್ಕಿಂತ ಚೆನ್ನಾಗಿಯೇ ಪಕ್ಕಕ್ಕೆ ಸರಿಯಬೇಕು ಅಂತ ನೆನಪಿಟ್ಟರೆ ಸಾಕು. ಇಸ್ತಾಂಬುಲ್‌ನ ಇಸ್ತಿಕ್ಲಾಲ್ ಬೀದಿಯ ಕೆಂಪು ಟ್ರಾಮ್ ನಿಂತಾಗ ಹೀಗೆ ಓರೆಯಲ್ಲಿ ಹಿಡಿದರೆ ಕಿಟಕಿಯ ಮೇಲಿನ ಬೀದಿ ಕರಗಿ, ಒಳಗೆ ಕೂತವರು ಕಾಣುತ್ತಾರೆ. ಆ ಕ್ಷಣಕ್ಕೆ ನಾನು ರಿಂಗನ್ನು ಬೈದದ್ದೆಲ್ಲ ಮರೆತೇಹೋಗುತ್ತದೆ.

ಒಂದು ಎಚ್ಚರಿಕೆ. ವಿಮಾನದ ಕಿಟಕಿಯಿಂದ ಹಿಮಾಲಯ ತೆಗೆಯುವಾಗ ಇದು ಬೇಡ. ಕಿಟಕಿಯ ಅಕ್ರಿಲಿಕ್ ಹಾಳೆಯೊಳಗಿನ ಒತ್ತಡವೆಲ್ಲ ಬಣ್ಣಬಣ್ಣದ ಪಟ್ಟೆಗಳಾಗಿ ಚಿತ್ರದ ಮೇಲೆ ಬರುತ್ತದೆ. ಜೀಪಿನ ಪಕ್ಕದ ಗಾಜಿನಲ್ಲೂ ಚುಕ್ಕೆಗಳ ಸಾಲು ಬರಬಹುದು. ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ಕ್ಯಾಮೆರಾದ ಪರದೆ ನೋಡಬೇಡಿ. ಅಡ್ಡ ಹಿಡಿದಾಗ ಕಾಣುವ ಪರದೆ ಉದ್ದ ಹಿಡಿದಾಗ ಕಪ್ಪಾಗಬಹುದು, ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗುತ್ತದೆ.

ಇದೆಲ್ಲ ಕಂಪ್ಯೂಟರಿನಲ್ಲಿ ಆಗುವುದಿಲ್ಲವೇ ಅಂತ ಕೇಳುವವರಿಗೆ: ಆಕಾಶದ ನೀಲಿ ಗಾಢ ಮಾಡುವುದು ಎಡಿಟಿಂಗ್‌ನಲ್ಲಿ ಒಂದು ಸ್ಲೈಡರಿನ ಕೆಲಸ. ಅದಕ್ಕಾಗಿ ಇದನ್ನು ಕೊಳ್ಳಬೇಡಿ. ಬಿಳಿ ಹೊಳಪಿನ ಕೆಳಗೆ ಮುಚ್ಚಿಹೋದ ಟೈಲ್ಸಿನ ಚಿತ್ತಾರ ಮಾತ್ರ ಫೈಲಿನಲ್ಲೇ ಇರುವುದಿಲ್ಲ. ಅದನ್ನು ಅಲ್ಲಿ ನಿಂತಾಗಲೇ ಹಿಡಿಯಬೇಕು. ಬರೀ ಬೆಟ್ಟ, ಬರೀ ವೈಡ್ ಲೆನ್ಸ್ ಅನ್ನುವವರು ಈ ದುಡ್ಡಲ್ಲಿ ಒಂದು ಜಾಸ್ತಿ ಬ್ಯಾಟರಿ ಕೊಳ್ಳಿ, ಚಳಿಯಲ್ಲಿ ಅದು ಹೆಚ್ಚು ಒದಗುತ್ತದೆ. ಹಳೆಯ ಊರುಗಳ ಓಣಿ, ಗಾಜು, ನೀರು, ಕಾಡು ತೆಗೆಯುವವರು ಧಾರಾಳವಾಗಿ ಕೊಳ್ಳಬಹುದು. ನಾನು ಕಡಿದ ಒಂದು ಸ್ಟಾರ್ ಆ ಅಲ್ಯೂಮಿನಿಯಂ ರಿಂಗಿನದು. ಹಿತ್ತಾಳೆ ರಿಂಗಿನವು ಇಷ್ಟು ಕಚ್ಚಿಕೊಳ್ಳುವುದಿಲ್ಲ, ಬೆಲೆಯೂ ತೂಕವೂ ಸ್ವಲ್ಪ ಜಾಸ್ತಿ. ಇದರ ಗಾಜಿಗೆ ಗೀರು ಬೀಳುವವರೆಗೆ ಕಾಯುತ್ತೇನೆ, ಆಮೇಲೆ ಅದನ್ನೇ ತರುತ್ತೇನೆ. ಅಳತೆ ಮತ್ತೆ 77.