ಸಾಗರದ ಕಡೆ ಸ್ಕೂಲೊಂದರ ಮಾನವ ಹಕ್ಕು ಕ್ಲಬ್: ಮಗಳನ್ನ ಕಳಿಸಿ ಒಂದು ವರ್ಷ ಆಯ್ತು

ಮಗಳು ಎಂಟನೇ ಕ್ಲಾಸು, ಪ್ರತಿ ಶನಿವಾರ ಕ್ಲಾಸ್ ಮುಗಿದ್ಮೇಲೆ ಒಂದು ಗಂಟೆ ಈ ಕ್ಲಬ್, ಫೀಸ್ ಏನಿಲ್ಲ. ಇದೂ ಭಾಷಣ ಸ್ಪರ್ಧೆ ತರ ಇರುತ್ತೇನೋ ಅಂದ್ಕೊಂಡಿದ್ದೆ, ಆದ್ರೆ ಟೀಚರ್ ಶುರು ಮಾಡಿದ್ದೇ ನಮ್ಮ ಕಾಗೋಡು ಸತ್ಯಾಗ್ರಹದಿಂದ. 1951ರಲ್ಲಿ ಗೇಣಿದಾರರು ಯಾಕೆ ಎದ್ದು ನಿಂತ್ರು, ಭತ್ತ ಅಳೆಯೋ ಕೊಳಗದಲ್ಲಿ ಏನು ಅನ್ಯಾಯ ಆಗ್ತಿತ್ತು ಅಂತ ಮನೇಲಿ ದೊಡ್ಡೋರನ್ನ ಕೇಳ್ಕೊಂಡು ಬನ್ನಿ ಅಂದ್ರಂತೆ. ನಮ್ಮಜ್ಜಿಗೆ ಎಂಬತ್ತೆಂಟು, ಅವತ್ತು ಮರಿಮಗಳನ್ನ ಪಕ್ಕ ಕೂರಿಸ್ಕೊಂಡು ಕತ್ತಲಾಗೋವರೆಗೂ ಮಾತಾಡಿದ್ರು, ನನ್ ಹತ್ರ ಒಂದಿನಾನೂ ಹೇಳಿರ್ಲಿಲ್ಲ ಅದನ್ನೆಲ್ಲ, ನಾನೂ ಕೇಳಿರ್ಲಿಲ್ಲ ಬಿಡಿ.

ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆ, ಅದರ 30 ವಿಧಿ ಎಲ್ಲಾ ಆಮೇಲೆ ಬಂತು. ಅದರ ಮೊದಲ ವಿಧಿಲಿ ಬರೀ ಗಂಡಸರು ಅನ್ನೋ ಹಾಗಿದ್ದ ಮಾತನ್ನ ‘ಎಲ್ಲ ಮಾನವರು’ ಅಂತ ಮಾಡ್ಸಿದ್ದು ನಮ್ಮ ದೇಶದ ಹಂಸಾ ಮೆಹ್ತಾ ಅಂತ ಊಟಕ್ಕೆ ಕೂತಾಗ ಮಗಳೇ ಹೇಳಿದ್ಳು, ಖುಷಿ ಆಯ್ತು ನಂಗೆ.

ಬರೀ ಓದಲ್ಲ, ಮಕ್ಕಳ ಗ್ರಾಮಸಭೆಲಿ ಹುಡುಗೀರ ಟಾಯ್ಲೆಟ್ಟಿಗೆ ನೀರಿಲ್ಲ ಅಂತ ಇವರೇ ಅರ್ಜಿ ಬರೆದು ಕೊಟ್ರು, ಪೈಪ್ ಬಂತು. ಬಸ್‌ಸ್ಟ್ಯಾಂಡಲ್ಲಿ 1098 ಮಕ್ಕಳ ಸಹಾಯವಾಣಿ ಪೋಸ್ಟರ್ ಅಂಟಿಸಿದ್ದೂ ಇವರೇ.

ಬೇಜಾರು ಒಂದೇ. ದೂರದ ಹಳ್ಳಿ ಮಕ್ಕಳಿಗೆ ಬಸ್ ತಪ್ಪುತ್ತೆ ಅಂತ ಅವರು ಅರ್ಧಕ್ಕೇ ಎದ್ದು ಹೋಗ್ಬೇಕು, ಮಳೆಗಾಲದಲ್ಲಂತೂ ಬರೋದೇ ಇಲ್ಲ. ದಯವಿಟ್ಟು ವಾರದ ಮಧ್ಯೆ ಸ್ಕೂಲ್ ಟೈಮಲ್ಲೇ ಒಂದು ಪೀರಿಯಡ್ ಕೊಡಿ.