ಹಾಸನದಲ್ಲಿ ಕಂಪ್ಯೂಟರ್ ರಿಪೇರಿಗೆ ಕೊಡುವವರೇ, ಕ್ಯಾಬಿನೆಟ್ ಬಿಚ್ಚಿಸಿ ನೋಡದೆ ದುಡ್ಡು ಕೊಡಬೇಡಿ

ಹಾಸನದವರು, ಅದರಲ್ಲೂ ಮನೆಯ ಹಳೆ ಕಂಪ್ಯೂಟರಿನಲ್ಲೇ ನಾಲ್ಕು ಕಾಸು ದುಡಿಯುವವರು, ದಯವಿಟ್ಟು ಪೂರ್ತಿ ಓದಿ. ಬಿ.ಎಂ. ರಸ್ತೆಯ ಒಂದು ಅಂಗಡಿಯಲ್ಲಿ ನಮಗೆ ಆಗಿದ್ದು ಇದು. ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ, ಅದಕ್ಕೇ ಅಂಗಡಿ ಹೆಸರು ಹಾಕುತ್ತಿಲ್ಲ.

ನನ್ನ ಹೆಂಡತಿ ಮನೆಯಲ್ಲೇ ಕನ್ನಡ ಟೈಪಿಂಗ್ ಮಾಡುತ್ತಾಳೆ. ಲಗ್ನಪತ್ರಿಕೆ, ಅರ್ಜಿ, ಸಂಘದ ವಾರ್ಷಿಕ ವರದಿ, ಎಲ್ಲ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ. ಕೆಲಸದ ಮಧ್ಯೆ ಕಂಪ್ಯೂಟರ್ ಟಪ್ಪಂತ ಆಫ್ ಆಗಿ ತಾನಾಗೇ ಮತ್ತೆ ಆನ್ ಆಗುತ್ತಿತ್ತು. ನೀಲಿ ಪರದೆ ಇಲ್ಲ, ಎರರ್ ಇಲ್ಲ, ಏನೂ ಇಲ್ಲ. ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯೋಸ್ ಪರದೆಗೆ ಹೋಗಿ ಸುಮ್ಮನೆ ಬಿಟ್ಟರೂ ರೀಸ್ಟಾರ್ಟ್. ಬಯೋಸ್‌ನಲ್ಲಿರುವಾಗ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ಅಂದಮೇಲೆ ದೋಷ ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್, ರ‍್ಯಾಮ್, ಮದರ್‌ಬೋರ್ಡ್, ಇಲ್ಲವೇ ಧೂಳು ಕೂತು ಪ್ರೊಸೆಸರ್ ಬಿಸಿಯಾಗುವುದು, ಇಷ್ಟರಲ್ಲೇ ಎಲ್ಲೋ ಇರಬೇಕು. ಇದನ್ನ ನಾನು ಆ ಅಂಗಡಿಯ ಕೌಂಟರಿನಲ್ಲಿ ನಿಂತು ಬಿಡಿಸಿ ಹೇಳಿದ್ದೆ. ಹೇಳಿದ್ದೆ!

"ಅದೆಲ್ಲ ನಮಗೆ ಬಿಡಿ ಸಾರ್. ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಹೊಡೆದ್ರೆ ಸರಿ ಹೋಗುತ್ತೆ."

600 ರೂಪಾಯಿ. ಮನೆಗೆ ತಂದು ಹಾಕಿದರೆ ಅದೇ ರೀಸ್ಟಾರ್ಟ್. ಜೊತೆಗೆ ಹೆಂಡತಿಯ ಫೈಲುಗಳೆಲ್ಲ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದ್ದವು. ಫೋನ್ ಮಾಡಿದರೆ, "ಫೈಲ್ ಹಾಳಾಗಿವೆ ಸಾರ್, ರಿಕವರಿ ಮಾಡ್ಬೇಕು, 2,000 ಆಗುತ್ತೆ" ಅಂದರು. ವಿಂಡೋಸ್ ಇದ್ದ ಡ್ರೈವ್ ಫಾರ್ಮ್ಯಾಟ್ ಮಾಡಿದಾಗ ನುಡಿ ಹೋಗಿತ್ತು, ಅಷ್ಟೇ. ನುಡಿಯ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಾಗೇ ಕಾಣುವುದು. ಪುಕ್ಕಟೆ ಸಿಗುವ ನುಡಿಯನ್ನ ಮತ್ತೆ ಹಾಕಿಕೊಂಡ ಮೇಲೆ ಪ್ರತಿ ಫೈಲೂ ಸರಿಯಾಗಿ ತೆರೆಯಿತು. ಅದಕ್ಕೆ 2,000 ಕೇಳಿದರು ಇವರು! ಕನ್ನಡದ ಊರಲ್ಲಿ ಅಂಗಡಿ ಇಟ್ಟುಕೊಂಡವರಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ.

ಮತ್ತೆ ಹೊತ್ತುಕೊಂಡು ಹೋದೆ. ಈಗ "ಮದರ್‌ಬೋರ್ಡ್ ಹೋಗಿದೆ ಸಾರ್". 4,200 ರೂಪಾಯಿ. ಹೊಸದೇ ತಾನೇ ಅಂತ ಕೇಳಿದೆ. "ಸೀಲ್ ಪ್ಯಾಕ್ ಸಾರ್, ಹೊಸ ಪೀಸು." ಬಿಲ್ ಕೇಳಿದರೆ ಎಸ್ಟಿಮೇಟ್ ಹಾಳೆ ಮೇಲೆ ಪೆನ್ನಲ್ಲಿ ಗೀಚಿ ಕೊಟ್ಟರು. ಜಿಎಸ್‌ಟಿ ನಂಬರ್ ಇಲ್ಲ, ಬೋರ್ಡಿನ ಸೀರಿಯಲ್ ನಂಬರೂ ಇಲ್ಲ. ಹಳೆ ಬೋರ್ಡ್ ಕೊಡಿ ಅಂದರೆ "ಸ್ಕ್ರ್ಯಾಪಿಗೆ ಹೋಯ್ತು ಸಾರ್".

ಮನೆಗೆ ಬಂದ ಮೇಲೂ ರೀಸ್ಟಾರ್ಟ್ ನಿಲ್ಲಲಿಲ್ಲ. ಮೇಲಾಗಿ ಕಂಪ್ಯೂಟರ್ ವಿಪರೀತ ನಿಧಾನ. ಟಾಸ್ಕ್ ಮ್ಯಾನೇಜರ್ ತೆಗೆದು ಮೆಮೊರಿ, ಅಂದರೆ ರ‍್ಯಾಮ್, ನೋಡಿದೆ. 4 ಜಿಬಿ. ನಾನು ಕೊಟ್ಟಾಗ 4 ಜಿಬಿಯ ಎರಡು ಸ್ಟಿಕ್, ಒಟ್ಟು 8 ಇತ್ತು. ಕೆಳಗೆ ಸ್ಪಷ್ಟವಾಗಿ ಬರೆದಿದೆ, ಎರಡು ಸ್ಲಾಟಿನಲ್ಲಿ ಒಂದು ಮಾತ್ರ ಬಳಕೆಯಲ್ಲಿದೆ ಅಂತ. ಕೈ ನಡುಗಿತು ನನಗೆ. ಅಲ್ಲೇ ಫೋನ್ ಮಾಡಿದೆ.

"ಆ ಸ್ಲಾಟ್ ವರ್ಕ್ ಆಗ್ತಿರ್ಲಿಲ್ಲ ಸಾರ್, ಅದಕ್ಕೇ ಒಂದು ತೆಗೆದಿದೀವಿ."

ಹೊಸ ಬೋರ್ಡ್ ಅಂದ್ರಲ್ಲ, ಹೊಸ ಬೋರ್ಡಿನ ಸ್ಲಾಟ್ ಹೇಗ್ರೀ ಸತ್ತಿರುತ್ತೆ?

ಆ ಕಡೆ ಸುಮಾರು ಹೊತ್ತು ಮಾತಿಲ್ಲ. ಆಮೇಲೆ, "ನಮ್ ಹುಡುಗನ್ನ ಕೇಳಿ ಹೇಳ್ತೀನಿ ಸಾರ್."

ತೆಗೆದ ಸ್ಟಿಕ್ ಎಲ್ಲಿ? "ಹುಡುಕ್ತೀವಿ ಸಾರ್."

ಕ್ಯಾಬಿನೆಟ್ ಬಿಚ್ಚಿ ಟಾರ್ಚ್ ಹಿಡಿದೆ. ಖಾಲಿ ಸ್ಲಾಟಿನ ಒಳಗೆ ಧೂಳು ಗಟ್ಟಿಯಾಗಿ ಕೂತಿತ್ತು. ಬೋರ್ಡಿನ ಅಂಚಿನಲ್ಲಿ ಬೇರೆ ಯಾವುದೋ ಅಂಗಡಿಯ ವಾರಂಟಿ ಸ್ಟಿಕ್ಕರ್, ಉಗುರಲ್ಲಿ ಅರ್ಧ ಕೆರೆದು ಬಿಟ್ಟಿದ್ದು. ಸೀಲ್ ಪ್ಯಾಕಂತೆ! ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಮತ್ತೆ ಮತ್ತೆ ಕೇಳಿದ ಮೇಲೆ "ನಿಮ್ ಮನೆ ಕರೆಂಟೇ ಸರಿಯಿಲ್ಲ ಸಾರ್, ಒಂದು ಯುಪಿಎಸ್ ತಗೊಳ್ಳಿ, ನಮ್ಮಲ್ಲೇ ಇದೆ" ಅಂತ ಮೆಸೇಜ್. ಇನ್ನೂ ಮಾರುವುದಕ್ಕೇ ನೋಡುತ್ತಾರೆ ನೋಡಿ!

ಕೊನೆಗೆ ಸರಿ ಮಾಡಿದ್ದು ಹೊಳೆನರಸೀಪುರದಿಂದ ಬಂದ ನನ್ನ ತಂಗಿ ಮಗ. "ಮಾವ, ಮೊದಲು ಎಸ್‌ಎಂಪಿಎಸ್ ನೋಡೋಣ" ಅಂತ ತಾನು ತಂದಿದ್ದ ಇನ್ನೊಂದನ್ನ ಜೋಡಿಸಿದ. ಇಡೀ ರಾತ್ರಿ ಓಡಿತು, ಒಂದು ಸಲವೂ ರೀಸ್ಟಾರ್ಟ್ ಆಗಲಿಲ್ಲ. ಹಳೆ ಎಸ್‌ಎಂಪಿಎಸ್‌ನ ಜಾಲರಿಯೊಳಗೆ ಟಾರ್ಚ್ ಬಿಟ್ಟು ತೋರಿಸಿದ, ಕೆಪ್ಯಾಸಿಟರ್ ಅನ್ನುವ ಸಣ್ಣ ಡಬ್ಬಿಯಂಥ ಒಂದು ಭಾಗದ ತಲೆ ಉಬ್ಬಿ ಕಂದು ಬಣ್ಣದ ಅಂಟು ಹೊರಗೆ ಬಂದಿತ್ತು. ಎಸ್‌ಎಂಪಿಎಸ್ ಕೊಡುವ 12 ವೋಲ್ಟ್, 5 ವೋಲ್ಟ್ ಚೂರು ಹೆಚ್ಚೇ ಕುಸಿದರೂ ಕರೆಂಟ್ ಸರಿ ಇದೆ ಅಂತ ಬೋರ್ಡಿಗೆ ಹೋಗುವ 'ಪವರ್ ಗುಡ್' ಸಿಗ್ನಲ್ ತಪ್ಪುತ್ತದೆ, ಕಂಪ್ಯೂಟರ್ ರೀಸೆಟ್ ಆಗುತ್ತದೆ. ಇದು ರಿಪೇರಿ ಕಲಿಯುವ ಹುಡುಗರಿಗೂ ಗೊತ್ತಿರುವ ವಿಷಯ. ಹೊಸ ಎಸ್‌ಎಂಪಿಎಸ್ 2,000ದೊಳಗೆ ಮುಗಿಯಿತು. ಅಂದರೆ ನನ್ನ ಹಳೆ ಬೋರ್ಡ್ ಚೆನ್ನಾಗೇ ಇತ್ತು! ಚೆನ್ನಾಗಿದ್ದ ಬೋರ್ಡನ್ನ ಇಟ್ಟುಕೊಂಡು ಯಾರದೋ ಬಿಸಾಡಿದ್ದನ್ನ ನನಗೆ 4,200ಕ್ಕೆ ಕಟ್ಟಿದರು.

ನಿಮ್ಮದೂ ಹೀಗೆ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಬಯೋಸ್‌ನಲ್ಲಿ ಬಿಟ್ಟು ನೋಡಿ. ಅಲ್ಲೂ ಆದರೆ ಫಾರ್ಮ್ಯಾಟ್ ಅನ್ನುವವರ ಅಂಗಡಿಯಿಂದ ಎದ್ದು ಬನ್ನಿ. ಬೇರೆ ಎಸ್‌ಎಂಪಿಎಸ್ ಹಾಕಿ ಪರೀಕ್ಷೆ ಮಾಡುವ ತನಕ ಬೋರ್ಡ್ ಬದಲಿಸಲು ಒಪ್ಪಬೇಡಿ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ. ಕೊಡುವ ಮೊದಲು ರ‍್ಯಾಮ್, ಬೋರ್ಡ್, ಹಾರ್ಡ್ ಡಿಸ್ಕ್ ಫೋಟೋ ತೆಗೆದು ಅವರ ಹತ್ತಿರ ಬರೆಸಿಕೊಳ್ಳಿ. ತೆಗೆದ ಹಳೆ ಸಾಮಾನು ಕೈಗೆ ಬರುವವರೆಗೂ ದುಡ್ಡು ಕೊಡಬೇಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಗ್ರಾಹಕರ ಆಯೋಗದಲ್ಲಿ ಶುಲ್ಕವೂ ಇಲ್ಲ. ನನ್ನ ರ‍್ಯಾಮ್ ಇನ್ನೂ ವಾಪಸ್ ಬಂದಿಲ್ಲ. ಬಿ.ಎಂ. ರಸ್ತೆಯಲ್ಲಿ ನಿಮಗೂ ಹೀಗೇ ಆಗಿದ್ದರೆ ಅವರು ಗೀಚಿ ಕೊಟ್ಟ ಎಸ್ಟಿಮೇಟ್ ಹಾಳೆಯ ಫೋಟೋ ಸಮೇತ ನನಗೆ ಮೆಸೇಜ್ ಮಾಡಿ, ದೂರು ಒಟ್ಟಿಗೇ ಕೊಡೋಣ.