ಯಮಾಕೋಶಿಯ ಒರಾತಾರು ಭವನ: ಒಂದು ವಿಮರ್ಶೆ

ಜಪಾನಿನ ನೀಗಾತ ಪ್ರಾಂತ್ಯದ ಯಮಾಕೋಶಿಯು ಬಣ್ಣದ ಕಾರ್ಪ್ ಮೀನುಗಳ ತವರೆಂದು ಹೆಸರಾದ, ಮೆಟ್ಟಿಲುಗದ್ದೆಗಳ ಬೆಟ್ಟದೂರು. 2004ರ ಅಕ್ಟೋಬರ್ 23ರ ಭೂಕಂಪದಲ್ಲಿ ರಸ್ತೆಗಳು ಕುಸಿದು, ಸುಮಾರು 2,200 ನಿವಾಸಿಗಳೆಲ್ಲರೂ ಊರು ತೊರೆಯಬೇಕಾಯಿತು. ಅವರಿನ್ನೂ ತಾತ್ಕಾಲಿಕ ವಸತಿಗಳಲ್ಲಿದ್ದಾಗಲೇ, 2005ರ ಏಪ್ರಿಲ್ 1ರಂದು, ಗ್ರಾಮವು ನೆರೆಯ ನಾಗಾವೊಕಾ ನಗರದಲ್ಲಿ ವಿಲೀನವಾಯಿತು.

ಈ ಕಥೆಯನ್ನು ಹೇಳಲು 2013ರಲ್ಲಿ ತೆರೆದ ಒರಾತಾರು ಭವನಕ್ಕೆ ಪ್ರವೇಶ ಶುಲ್ಕವಿಲ್ಲ. ಇಲ್ಲಿನ ಅತ್ಯುತ್ತಮ ಭಾಗವೆಂದರೆ ಕಣಿವೆಗಳ ಭೂಮಾದರಿ. ಅದರ ಮೇಲೆ ಮೂಡಿಸುವ ಚಿತ್ರಗಳು ವಿನಾಶವನ್ನೂ ಪುನರ್ನಿರ್ಮಾಣವನ್ನೂ ಬರಿಯ ಅಂಕಿಅಂಶಗಳಿಗಿಂತ ಎಷ್ಟೋ ಸ್ಪಷ್ಟವಾಗಿ ಮನಗಾಣಿಸುತ್ತವೆ. ಇದನ್ನು ನೋಡಿದ ಮೇಲೆ, ಕುಸಿದ ಮಣ್ಣು ನದಿಗೆ ಅಡ್ಡವಾಗಿ ಮುಳುಗಡೆಯಾದ ಮನೆಗಳನ್ನು ಹಾಗೆಯೇ ಉಳಿಸಿರುವ ಕೊಗೊಮೊ ಎಂಬ ಹಳ್ಳಿಗೆ ತಪ್ಪದೆ ಹೋಗಬೇಕು. ಬೆಟ್ಟದ ರಸ್ತೆಗಳಾದ್ದರಿಂದ ಕಾರಿನಲ್ಲಿ ಹೋಗುವುದು ಲೇಸು.